ಎಡಗಾಲಿನ ಚಪ್ಪಲಿ

“ಪ್ರಾಬಬ್ಲಿ ನೀವು ಮತ್ತೆ ನಡೀತೀರಿ ಮೇಷ್ಟ್ರೇ,” ಎಂದು ಡಾಕ್ಟರು ಹೊರಟರು. ಮಂಚದ ಮೇಲಿದ್ದ ಇಂಗ್ಲಿಷ್ ಮೇಷ್ಟ್ರ ಹುಬ್ಬು ಮೇಲೇರಿತು.

“ಹೋದ ವಾರ ಪಾಸಿಬಲ್ ಅಂದಾಗ ಮುಖ ಊದಿಸ್ಕೊಂಡ್ರಲ್ಲ, ಇವತ್ತೇನು?” ಹೆಂಡತಿ ಕೇಳಿದಳು.

“ಪಾಸಿಬಲ್ ಅಂದ್ರೆ ಆದ್ರೂ ಆಗಬಹುದು ಅಂತ ಕಣೇ. ಹಾಗಂದ್ರೆ ಕತ್ತೆಗೂ ಕೊಂಬು ಬರಬಹುದು! ಪ್ರಾಬಬ್ಲಿ ಅಂದ್ರೆ ಆಗೋ ಸಂಭವವೇ ಜಾಸ್ತಿ. ಆದ್ರೂ ಸರ್ಟನ್ಲಿ ಅನ್ನಲಿಲ್ಲ ನೋಡು.”

ಅಪಘಾತದಲ್ಲಿ ಅವರ ಎಡಗಾಲು ಜಖಂ ಆದಾಗಿನಿಂದ ಆ ಕಾಲಿನ ಚಪ್ಪಲಿ ಅವಳ ಚೀಲದಲ್ಲೇ ಇತ್ತು. ಅದನ್ನೀಗ ಹೊರತೆಗೆದು, ಅಂಗೈಯಿಂದ ಧೂಳು ಒರೆಸಿ, ಮಂಚದ ಕೆಳಗೆ ಬಲಗಾಲಿನದರ ಪಕ್ಕ ಜೋಡಿಸಿಟ್ಟಳು.

“ನನಗಿಷ್ಟು ಸಾಕು. ಮಿಕ್ಕಿದ್ದನ್ನ ನೀವು ನಡೆದು ತುಂಬಿಸಿ.”

ಎಲ್ಲರ ಮಾತನ್ನೂ ತಿದ್ದುವ ಮೇಷ್ಟ್ರು ಈ ಮಾತನ್ನು ತಿದ್ದಲಿಲ್ಲ. ಎದ್ದು ಕೂತು, ಅವಳತ್ತ ಕೈ ಚಾಚಿದರು.