ದುಬೈಗೆ ಮೂರು ತಾಸು

ಪಕ್ಕದಲ್ಲಿ ಯಾರಾದರೂ ಅತ್ತರು ಹಚ್ಚಿಕೊಂಡು ಕೂತರೆ ಸಾಕು, ನನಗೆ ಮೋರಟಗಿಯ ಆ ಮಧ್ಯಾಹ್ನ ನೆನಪಾಗುತ್ತದೆ. ದುಬೈಯಲ್ಲಿ ದುಡಿಯುವ ವರ ಅಕ್ಕನಿಗೆಂದು ಕಳಿಸಿದ್ದ ಅತ್ತರಿನ ಬಾಟಲಿಯನ್ನು, ಆ ಸಂಬಂಧ ಹಿಡಿದು ಊರಿಂದ ಬಂದಿದ್ದ ಸೋದರಮಾವ ತೆರೆದಿದ್ದ. ಪಡಸಾಲೆಯೆಲ್ಲ ಘಮಘಮ.

"ಅಷ್ಟ್ ದೂರ ಹೆಂಗ ಕೊಡೂದೋ?" ಎಂದಳು ಅವ್ವ.

"ಎಲ್ಲಿ ದೂರಬೇ? ಮುಂಬೈಯಿಂದ ವಿಮಾನದಾಗ ಮೂರ್ ತಾಸು. ಇಲ್ಲಿಂದ ನಾಲತವಾಡಕ್ಕ ಬಸ್ಸಿನ್ಯಾಗ ಹೋದ್ರೂ ಅಷ್ಟ ಹೊತ್ತು ಹಿಡೀತೈತಿ," ಎಂದು ಮಾವ ನಕ್ಕ. ಅಪ್ಪ ಹೌದೆನ್ನುವಂತೆ ತಲೆಯಾಡಿಸಿದ.

ಅಕ್ಕ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಮಾವಾ, ಗಂಡ ಬಡದ್ರ ಊರಿಗೆ ಬರೂ ಟಿಕೀಟಿಗೆ ಅವನ ಮುಂದನ ಕೈ ಚಾಚ್ಲೇನು? ನಾಲತವಾಡದಿಂದಾದ್ರ ನಡಕೊಂತರ ಬರ್ತೇನಿ."

"ಇಂಥ ಬಾಯಿಗೆ ಯಾವ ವರ ಸಿಗತಾನ?" ಎಂದು ಮಾವ ಸಿಡುಕಿದ.

ಅಪ್ಪ ಎದ್ದು ರುಮಾಲು ಕೊಡವಿದ.

"ಏಳಪಾ, ನಿನ್ನ ಬಸ್ಸಿನ ಹೊತ್ತಾತು."