ಕೇಳಿ ತಂದ ದೊಡ್ಡಪತ್ರೆ

ಬೆಳಿಗ್ಗೆ ಏಳಕ್ಕೆ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ತಾರಸಿಗೆ ಬಂದರು. ಪಂಕಜಮ್ಮ ತಮ್ಮ ಕುಂಡಗಳಿಗೆ ನೀರು ಹಾಕುತ್ತಿದ್ದರು.

"ನಾಳೆ ಇಷ್ಟೊತ್ತಿಗೆ ಇದೆಲ್ಲ ಖಾಲಿ ಆಗ್ಬೇಕು. ಇಲ್ಲಾಂದ್ರೆ ಕಸದ ಗಾಡಿಗೆ ಹಾಕಿಸ್ತೀನಿ."

"ನಾನಂತೂ ಒಂದನ್ನೂ ಎತ್ತಲ್ಲ ಸ್ವಾಮಿ. ನಿಮ್ಮ ಕೈಲಾದ್ದು ಮಾಡಿ."

ಅವರು ಇಳಿದುಹೋದ ಮೇಲೆ ಪಂಕಜಮ್ಮ ಕಟ್ಟಡದ ಹೆಂಗಸರ ವಾಟ್ಸಾಪ್ ಗುಂಪಿಗೆ ಬರೆದರು: "ದೊಡ್ಡಪತ್ರೆ ಕೇಳಿ ತಂದ್ರೆ ಬರಲ್ಲ, ಕದ್ದು ತಂದ್ರೇ ಚಿಗುರೋದು ಅಂತೀರಲ್ಲ. ಬದನೆ, ಟೊಮೆಟೊಗೂ ಅದೇ ಮಾತು. ತಾರಸಿ ಬಾಗಿಲಿಗೆ ಬೀಗ ಹಾಕಿಲ್ಲ. ನನ್ನನ್ನ ಕೇಳ್ಬೇಡಿ."

ಮರುದಿನ ಏಳಕ್ಕೆ ತಾರಸಿಯಲ್ಲಿ ಒಂದು ಕುಂಡವೂ ಇರಲಿಲ್ಲ.

"ಹೆದರ್ಕೊಂಡು ಖಾಲಿ ಮಾಡಿದ್ದಾರೆ ನೋಡೇ," ಎನ್ನುತ್ತ ಕಾರ್ಯದರ್ಶಿ ಮನೆಯೊಳಗೆ ಬಂದರು.

ಅವರ ಹೆಂಡತಿ ಬಾಲ್ಕನಿಯಲ್ಲಿ ದೊಡ್ಡಪತ್ರೆಯ ಕುಂಡಕ್ಕೆ ನೀರು ಹಾಕುತ್ತಿದ್ದರು.