ಒಪ್ಪಿಗೆ

ಗಂಡ ಹೊಳೆಯಲ್ಲಿ ಕೊಚ್ಚಿಹೋಗಿ ಎರಡು ವರ್ಷವಾಗಿತ್ತು, ಹೆಣವೂ ಸಿಕ್ಕಿರಲಿಲ್ಲ. ಕಂಪನಿಯವರು ಕನಿಕರಪಟ್ಟು ಅವನ ಕೆಲಸವನ್ನೇ ಶಶಿರೇಖಾಳಿಗೆ ಕೊಟ್ಟರು. ಮೊದಲ ದಿನ ಹೊಸ ಕಂಪ್ಯೂಟರ್ ಜೋಡಿಸಲು ಟೆಕ್ನೀಷಿಯನ್ ಬಂದ.

"ಮೇಡಂ, ಸಾರ್ ಅವರ ಫೈಲೆಲ್ಲ ಕ್ಲೌಡ್‌ನಲ್ಲೇ ಇವೆ. ನಿಮ್ಮ ಖಾತೆಗೆ ತರಬೇಕಂದ್ರೆ ಅವರ ಫೋನಿಂದ ಒಪ್ಪಿಗೆ ಬರಬೇಕು."

"ಫೋನೂ ಅವರ ಜೊತೇಲೇ ಹೋಯ್ತಲ್ಲಪ್ಪ."

"ನಿಯಮ ಮೇಡಂ, ಒಂದ್ಸಲ ಅವರ ಫೋನಿಗೆ ಕೋರಿಕೆ ಕಳಿಸ್ಲೇಬೇಕು. ಅವರ ಬೆರಳಚ್ಚಿಲ್ದೆ ಬೇರೆ ಯಾರೂ ಉತ್ತರ ಕೊಡೋಕಾಗಲ್ಲ. ಉತ್ತರ ಬರದಿದ್ರೆ ಹೆಡ್ಡಾಫೀಸಿನವರೇ ತೆಗೆದುಕೊಡ್ತಾರೆ."

ಅವನು ಗುಂಡಿ ಒತ್ತಿದ. ಪರದೆಯ ಮೇಲೆ ಗಂಡನ ನಗುಮುಖದ ಫೋಟೋ ಮೂಡಿದ್ದೇ ತಡ, ಅವಳಿಗೆ ದುಃಖ ಉಮ್ಮಳಿಸಿ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಫೋಟೋದ ಕೆಳಗೆ ಒಂದು ಸಾಲು ಬಂದಿತ್ತು:

"ಬಳಕೆದಾರರು ಅನುಮತಿ ನಿರಾಕರಿಸಿದ್ದಾರೆ."